ಪಂಚಮಿಯ ಜೋಕಾಲಿಗೆ ಹತ್ತಿಯ ಹಗ್ಗ

ಧಾರವಾಡದ ನಮ್ಮ ಮನೆಯ ಹಿತ್ತಲಿನಲ್ಲಿರುವ ಬೇವಿನ ಮರಕ್ಕೆ ನಾಗರ ಪಂಚಮಿಯ ಜೋಕಾಲಿ ಕಟ್ಟುವ ಕೆಲಸ ನನ್ನದು. ಈ ಸಲ ಅದಕ್ಕೆಂದು ಪೇಟೆಯ ಹಗ್ಗದ ಅಂಗಡಿಯಿಂದ 20 ಮಿಲಿಮೀಟರ್ ದಪ್ಪದ, ಮೂರು ಎಳೆಗಳನ್ನು ಸೇರಿಸಿ ಹೊಸೆದ ಹತ್ತಿಯ ಹಗ್ಗವನ್ನು ತೂಕದ ಲೆಕ್ಕದಲ್ಲಿ ಕೊಂಡು ತಂದೆ. ರೊಟ್ಟಿ ಪಂಚಮಿಯ ದಿನ ಕಟ್ಟಿದ ಜೋಕಾಲಿಯಲ್ಲಿ ಮಕ್ಕಳು, ತವರಿಗೆ ಬಂದ ತಂಗಿಯರು, ಓಣಿಯ ಹುಡುಗಿಯರು ಮನಸಾರೆ ಜೀಕಿದ್ದಾರೆ. ಮನೆಮಂದಿಯೆಲ್ಲ ಆಡುವ ಜೋಕಾಲಿಗೆ ಇದಕ್ಕಿಂತ ಒಳ್ಳೆಯ ಹಗ್ಗವನ್ನು ನಾನು ಕಂಡಿಲ್ಲ.

ಇದರ ದೊಡ್ಡ ಗುಣವೆಂದರೆ ಹಿಡಿತ. ನಮ್ಮ ಕಡೆ ಪಂಚಮಿಯಲ್ಲಿ ಕುಳಿತು ತೂಗಿಕೊಳ್ಳುವವರಿಗಿಂತ ಮಣೆಯ ಮೇಲೆ ಇಬ್ಬರು ಎದುರುಬದುರಾಗಿ ನಿಂತು, ಮೊಣಕಾಲು ಬಗ್ಗಿಸಿ ಜೀಕುವವರೇ ಹೆಚ್ಚು. ಹಾಗೆ ನಿಂತವರಿಗೆ ಕಾಲಿನಷ್ಟೇ ಅಂಗೈಯೂ ಆಸರೆ. ನೈಲಾನ್ ಹಗ್ಗ ಬಲವಾದದ್ದೇ, ಆದರೆ ಬೆವರಿದ ಕೈಯಲ್ಲಿ ಜಾರುತ್ತದೆ. ಭಾರ ಬಿದ್ದಾಗ ಹಿಗ್ಗುವುದರಿಂದ ಮಣೆಯೂ ಕೆಳಗಿಳಿಯುತ್ತದೆ. ಅಗ್ಗದ ಪಾಲಿಪ್ರೊಪಿಲೀನ್ ಹಗ್ಗ ಬಿಸಿಲಿಗೆ ಒಣಗಿ ಸಿಬಿರೇಳುತ್ತದೆ. ತೆಂಗಿನ ನಾರಿನದಂತೂ ಮಕ್ಕಳ ಅಂಗೈಯನ್ನು ತರಚಿಬಿಡುತ್ತದೆ. ಹತ್ತಿಯ ಹಗ್ಗ ಮೆತ್ತಗಿದ್ದೂ ಜಾರುವುದಿಲ್ಲ.

ಅಂಗಡಿಯವರು ಕೇಳುವ ಮೊದಲೇ ತುದಿಯ ಹುರಿ ಬಿಚ್ಚಿ ತೋರಿಸಿದ್ದು ನನಗೆ ಬಹಳ ಹಿಡಿಸಿತು. ಮೇಲೆ ಬಿಳಿ ನೂಲು ಸುತ್ತಿ, ಒಳಗೆ ಬಣ್ಣಬಣ್ಣದ ಚಿಂದಿ ನೂಲು ತುರುಕಿದ ಹಗ್ಗವನ್ನು ಬೇರೆಡೆ ನೋಡಿದ್ದೇನೆ. ಇದರಲ್ಲಿ ಮೂರೂ ಎಳೆಗಳು ನಡುವಿನವರೆಗೂ ಒಂದೇ ನೂಲಿನವು, ಹುರಿಯೂ ಬಿಗಿ. ಕೊಳ್ಳುವವರು ಈ ಪರೀಕ್ಷೆಯನ್ನು ತಪ್ಪದೆ ಮಾಡಬೇಕು.

ದಪ್ಪದ ವಿಷಯದಲ್ಲಿ ಜಿಪುಣತನ ಸಲ್ಲದು. ನೇರ ನಿಲುವಿನಿಂದ 60 ಡಿಗ್ರಿಯಷ್ಟು ಮೇಲೇರಿದ ಜೋಕಾಲಿ ಕೆಳಗೆ ಬರುವ ಗಳಿಗೆಯಲ್ಲಿ ಹಗ್ಗದ ಮೇಲೆ ಬೀಳುವ ಎಳೆತ ಆಡುವವರ ತೂಕದ ಎರಡರಷ್ಟಾಗುತ್ತದೆ. ಇಬ್ಬರೂ ಸೇರಿ 120 ಕಿಲೋ ಇದ್ದರೆ ಅದು 240 ಕಿಲೋ ಭಾರಕ್ಕೆ ಸಮ. ಗಂಟು ಬಿದ್ದಲ್ಲಿ ಹಗ್ಗದ ಬಲ ಸುಮಾರು ಅರ್ಧಕ್ಕೆ ಕುಗ್ಗಬಹುದು ಎಂಬುದನ್ನೂ ಸೇರಿಸಿಕೊಂಡರೆ, ದನ ಕಟ್ಟುವ ತೆಳುವಾದ ಹಗ್ಗ ಏಕೆ ಸಾಲದೆಂಬುದು ತಿಳಿಯುತ್ತದೆ. ಕೊಂಬೆಗೆ ಗೋಣಿಚೀಲವನ್ನು ಮಡಿಸಿ ಸುತ್ತಿ ಅದರ ಮೇಲೆ ಹಗ್ಗ ಹಾಕಿದ್ದರಿಂದ ಉಜ್ಜಾಟ ಕಡಿಮೆಯಾಗಿ ಮರದ ತೊಗಟೆಯೂ ಉಳಿಯಿತು, ಹಗ್ಗವೂ ಉಳಿಯಿತು. (ನುಗ್ಗೆಯ ಕೊಂಬೆ ಎಷ್ಟೇ ದಪ್ಪಗಿರಲಿ, ಅದಕ್ಕೆ ಜೋಕಾಲಿ ಕಟ್ಟುವ ಮಾತು ಬೇಡ.)

ಕೊರತೆಗಳಿಲ್ಲವೆಂದಲ್ಲ. ಎಷ್ಟು ಭಾರ ತಡೆಯುತ್ತದೆ ಎಂಬ ಚೀಟಿ ಹಗ್ಗದ ಮೇಲಿಲ್ಲ, ಅಂಗಡಿಯಲ್ಲಿಯೂ ಅದಕ್ಕೆ ಖಚಿತ ಉತ್ತರ ದೊರೆಯಲಿಲ್ಲ. ಮಕ್ಕಳನ್ನು ಹತ್ತಿಸುವ ಮೊದಲು ದೊಡ್ಡವರಿಬ್ಬರು ಮೆಲ್ಲಗೆ ಜೀಕಿ ನೋಡುವುದು ಅನಿವಾರ್ಯವಾಯಿತು. ಎರಡನೆಯದು ಶ್ರಾವಣದ ಜಿಟಿಜಿಟಿ ಮಳೆ. ನೆನೆದ ಹತ್ತಿ ಭಾರವಾಗುತ್ತದೆ, ಗಂಟು ಬಿಗಿದುಕೊಂಡು ಬಿಚ್ಚಲು ಬಾರದಂತಾಗುತ್ತದೆ, ಹಾಗೆಯೇ ಬಿಟ್ಟರೆ ಬೂಸ್ಟು ಹಿಡಿದು ಒಳಗೊಳಗೇ ಕೊಳೆಯುತ್ತದೆ. ಆದ್ದರಿಂದ ಹಬ್ಬ ಮುಗಿದೊಡನೆ ಇಳಿಸಿ, ನೆರಳಿನಲ್ಲಿ ಗಾಳಿಗೆ ಪೂರ್ತಿ ಒಣಗಿಸಿ, ಇಲಿ ಮುಟ್ಟದ ಕಡೆ ಸುರುಳಿ ಸುತ್ತಿಡಬೇಕು. ಅಷ್ಟು ಆರೈಕೆ ಮಾಡಲಾಗದವರು, ವರ್ಷವಿಡೀ ಹಿತ್ತಲಿನಲ್ಲಿ ಜೋಕಾಲಿ ಇರಲೆನ್ನುವವರು, ಬಿಸಿಲು ಮಳೆಗಳನ್ನು ಚೆನ್ನಾಗಿ ತಾಳುವ ಮತ್ತು ನೈಲಾನಿನಷ್ಟು ಹಿಗ್ಗದ ಪಾಲಿಯೆಸ್ಟರ್ ಹಗ್ಗವನ್ನು ಕೊಳ್ಳುವುದು ಮೇಲು.