ಬಾವಿಗೆ ಕಡಲ ನೀರು ನುಗ್ಗುತ್ತಿದೆಯಾ? ಇಸಿ ಮೀಟರ್ ಪೆನ್ ಬಳಸಿದ ಅನುಭವ

ನಮ್ಮ ಮನೆ ಮೂಲ್ಕಿ ಹತ್ತಿರ, ಶಾಂಭವಿ ಹೊಳೆಯ ಬದಿಯಲ್ಲಿ. ಬೇಸಿಗೆಯಲ್ಲಿ ಹೊಳೆಯ ಹರಿವು ಕಡಿಮೆಯಾದರೆ ಉಬ್ಬರದ ಜೊತೆ ಕಡಲ ನೀರು ಒಳಗೆ ಬರುತ್ತದೆ. ಏಪ್ರಿಲ್, ಮೇ ಹೊತ್ತಿಗೆ ಬದಿಯ ಬಾವಿಗಳು ಉಪ್ಪಾಗುತ್ತವೆ. ಇದು ವರ್ಷದಿಂದ ವರ್ಷಕ್ಕೆ ಜಾಸ್ತಿ ಆಗುತ್ತಿದೆಯಾ ಅನ್ನುವುದು ತಿಳಿಯಬೇಕಿತ್ತು. ಅದಕ್ಕೇ ಸಾವಿರ ರೂಪಾಯಿಯೊಳಗಿನ ಈ ಪೆನ್ ಮೀಟರ್ ಕೊಂಡೆ.

ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ಕರೆಂಟ್ ಸಲೀಸಾಗಿ ಹರಿಯುತ್ತದೆ. ಮೀಟರ್ ಅಳೆಯುವುದು ಅದನ್ನೇ; ಇದಕ್ಕೇ ಇಸಿ, ಅಂದರೆ ವಿದ್ಯುತ್ ವಾಹಕತೆ ಎನ್ನುವುದು. ಸಮುದ್ರದ ನೀರಿನ ಇಸಿ ಸೆಂಟಿಮೀಟರಿಗೆ ಸುಮಾರು 50,000 ಮೈಕ್ರೋಸೀಮೆನ್ಸ್ (ಇಸಿಯ ಅಳತೆಮಾನ). ಬಾವಿಗೆ ನೂರರಲ್ಲಿ ಒಂದು ಪಾಲು ಕಡಲ ನೀರು ಸೇರಿದರೂ ಲೀಟರಿಗೆ ಸುಮಾರು 190 ಮಿಲಿಗ್ರಾಂ ಕ್ಲೋರೈಡ್ ಬರುತ್ತದೆ. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಒಪ್ಪುವ ಮಿತಿ 250. ಅಷ್ಟು ಉಪ್ಪು ನಾಲಿಗೆಗೆ ತಿಳಿಯುವುದು ಕಷ್ಟ, ಮೀಟರಿಗೆ ತಕ್ಷಣ ಗೊತ್ತಾಗುತ್ತದೆ.

ಒಂದು ದಿನದ ಅಂಕಿಯಿಂದ ಏನೂ ಹೇಳಲಾಗದು. ಬರೆದಿಡಬೇಕು. ಮೇ ತಿಂಗಳ ಅಂಕಿಯನ್ನು ಮೇ ಜೊತೆಗೇ ಹೋಲಿಸಬೇಕು, ಇಲ್ಲದಿದ್ದರೆ ಮಳೆಗಾಲ ದಾರಿ ತಪ್ಪಿಸುತ್ತದೆ. ಐದು ವರ್ಷದ ಮೇ ಅಂಕಿಗಳಿದ್ದರೆ, ಎರಡೆರಡು ವರ್ಷಗಳನ್ನು ಸೇರಿಸಿ 10 ಜೋಡಿ ಸಿಗುತ್ತವೆ. ಪ್ರತಿ ಜೋಡಿಯಲ್ಲಿ ನಂತರದ ವರ್ಷದ್ದು ಹೆಚ್ಚಾ, ಕಡಿಮೆಯಾ ಅಂತ ಎಣಿಸಿ. ಹತ್ತರಲ್ಲೂ ಏರಿಕೆಯೇ ಇದ್ದರೆ, ಅದು ಸುಮ್ನೆ ಆಕಸ್ಮಿಕವಾಗಿ ಆಗಿರುವ ಸಾಧ್ಯತೆ 120ರಲ್ಲಿ ಒಂದು ಮಾತ್ರ! ಮಾನ್-ಕೆಂಡಾಲ್ ಪರೀಕ್ಷೆ ಎಂದರೆ ಇದೇ. ಒಂದು ವರ್ಷ ಅಂಕಿ ವಿಪರೀತ ಏರಿದರೂ ಲೆಕ್ಕ ಕೆಡುವುದಿಲ್ಲ. ಕಾಗದ, ಪೆನ್ಸಿಲ್ ಸಾಕು. ನನಗೆ ಬಹಳ ಇಷ್ಟವಾದ ಲೆಕ್ಕ ಇದು.

ಉಪ್ಪು ಕಡಲಿನದೋ, ಗೊಬ್ಬರದ್ದೋ, ಶೌಚಗುಂಡಿಯದೋ ಎಂದು ಮೀಟರ್ ಹೇಳಲಾರದು. ಅಂಕಿ ಏರುತ್ತಲೇ ಹೋದರೆ ಲ್ಯಾಬಿನಲ್ಲಿ ಕ್ಲೋರೈಡ್, ಬೈಕಾರ್ಬೊನೇಟ್ ಎರಡನ್ನೂ ಪರೀಕ್ಷೆ ಮಾಡಿಸಿ. ಕಡಲ ನೀರಿನಲ್ಲಿ ಕ್ಲೋರೈಡ್ ಬೈಕಾರ್ಬೊನೇಟಿನ ನೂರು ಪಟ್ಟಿಗೂ ಮೇಲೆ. ಹಾಗಾಗಿ ಬಾವಿಯಲ್ಲೂ ಅದರ ಪ್ರಮಾಣ ಬೈಕಾರ್ಬೊನೇಟನ್ನು ಹಿಂದೆ ಹಾಕಿದರೆ ಸಂಶಯ ಬಲವಾಗುತ್ತದೆ.

ಇನ್ನೊಂದು ಮಾತು. ಉಪ್ಪುನೀರು ಭಾರ, ತಳದಲ್ಲಿ ಕೂರುತ್ತದೆ. ಕೊಡದಲ್ಲಿ ಸೇದಿದ ಮೇಲ್ನೀರು ಚೆನ್ನಾಗಿಯೇ ಕಾಣಬಹುದು. ಪಂಪ್ ಸ್ವಲ್ಪ ಹೊತ್ತು ಓಡಿದ ಮೇಲೆ, ಪ್ರತಿ ಸಲ ಒಂದೇ ರೀತಿ ಅಳೆಯಿರಿ.

ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣಗಳು) ಗುಂಡಿಯನ್ನು ನಂಬಿ ಕೂರಬೇಡಿ. ಅದು ಇಸಿಯನ್ನೇ ಒಂದು ಸಂಖ್ಯೆಯಿಂದ ಗುಣಿಸಿ ತೋರಿಸುವುದು, ಅಷ್ಟೇ. ಆಗಾಗ ಮೀಟರನ್ನು 1413ರ ದ್ರಾವಣದಲ್ಲಿ, ಅಂದರೆ ಇಸಿ 1413 ಮೈಕ್ರೋಸೀಮೆನ್ಸ್ ಎಂದು ಗೊತ್ತಿರುವ ನೀರಿನಲ್ಲಿ, ಅದ್ದಿ ಸರಿಪಡಿಸಲೇಬೇಕು. ಅದನ್ನು ತಯಾರಿಸಲು ಪೆಟ್ಟಿಗೆಯಲ್ಲಿ ಬಂದ ಪುಡಿ ಒಂದೇ ಪೊಟ್ಟಣ, ವರ್ಷಗಟ್ಟಲೆ ಅಳೆಯುವವರಿಗೆ ಸಾಲದು. ಬಾವಿ ಇರುವ ಕರಾವಳಿಯವರು ಕೊಳ್ಳಿ, ಜೊತೆಗೆ ಆ ದ್ರಾವಣದ ಬಾಟಲಿಯನ್ನೂ ತರಿಸಿಕೊಳ್ಳಿ.