ಮೂರು ವರ್ಷ ಬಳಸಿದ ಮೇಲೆ ಈ ಕ್ಲಾಂಪ್ ಮೀಟರ್ ಬಗ್ಗೆ

ಹುಬ್ಬಳ್ಳಿಗೆ ಮದುವೆ ಜವಳಿ ತರಲು ಹೋದವನು ಈ ಮೀಟರನ್ನೂ ತಂದೆ. 1,300 ರೂಪಾಯಿ. ನಾನು ಎಲೆಕ್ಟ್ರಿಷಿಯನ್ ಅಲ್ಲ. ಗದಗ ಬೆಟಗೇರಿಯಲ್ಲಿ ಮನೆ, ಸುಮ್ನೆ ಕೆದಕುವ ಚಟ. "ಸೀರಿ ದುಡ್ಡಿನ್ಯಾಗ ಇದೇನ್ ಇಕ್ಕಳ ತಂದಿ?" ಎಂದು ಅವ್ವ ಬೈದಳು. ಇಕ್ಕಳವೇ ಸರಿ. ವೈರನ್ನು ಕತ್ತರಿಸದೆ ಬಾಯಿಯೊಳಗೆ ಹಿಡಿದರೆ ಸಾಕು, ಎಷ್ಟು ಆಂಪಿಯರ್ ಹರಿಯುತ್ತಿದೆ ಅಂತ ತೋರಿಸುತ್ತದೆ.

ಮೊದಲ ವಾರ ಬರೀ ಸೊನ್ನೆ ತೋರಿಸಿತು. ತಪ್ಪು ನನ್ನದೇ. ಇಡೀ ವೈರನ್ನು ಹಿಡಿದಿದ್ದೆ. ಹೋಗುವ ಕರೆಂಟು, ಬರುವ ಕರೆಂಟು ಎರಡೂ ಅದರೊಳಗೇ ಇರುವಾಗ ಲೆಕ್ಕ ವಜಾ ಆಗುತ್ತದೆ. ಆಮೇಲೆ ಹಳೆ ಎಕ್ಸ್‌ಟೆನ್ಶನ್ ಬೋರ್ಡಿನ ಪ್ಲಗ್ ತೆಗೆದು, ಹೊರಗಿನ ಸಿಪ್ಪೆ ಮಾತ್ರ ಒಂದು ಗೇಣು ಬಿಡಿಸಿ, ಎಳೆ ಬೇರೆ ಮಾಡಿಕೊಂಡೆ. ಈಗಲೂ ಅದೇ ನಡೆದಿದೆ.

ಮೀಟರಿನ ದುಡ್ಡು ವಸೂಲಾಗಿದ್ದು ನೀರು ಕಾಯಿಸುವ ಕಾಯಿಲ್‌ನಿಂದ. ಹೊಸದು, ಮೇಲೆ 1,500 ವ್ಯಾಟ್ ಅಂತ ಬರೆದಿತ್ತು. ಆದರೆ "ನೀರು ಕಾಯೋದ್ರೊಳಗ ಸಾಲಿ ಗಂಟಿ ಹೊಡೀತದ" ಅಂತ ಮನೆಯಲ್ಲಿ ದಿನಾ ತಕರಾರು. ಅಳೆದೆ. 228 ವೋಲ್ಟ್, 4.4 ಆಂಪಿಯರ್. ಗುಣಿಸಿದರೆ 1,003 ವ್ಯಾಟ್! ಅಂಗಡಿಯವರು, "ನಿಮ್ಮ ಕಡೆ ವೋಲ್ಟೇಜ್ ಕಡಿಮಿ ಇರಬೇಕ್ರೀ" ಅಂದರು. ಆಗ ಕೈ ಹಿಡಿದದ್ದು ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಕಾಯಿಲ್ ಒಡ್ಡುವ ತಡೆ. ಅದರ ಅಳತೆ ಓಮ್. ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ಸುಮಾರು 52 ಓಮ್. 230 ವೋಲ್ಟಿಗೆ 1,500 ವ್ಯಾಟ್ ಎಳೆಯಬೇಕಾದರೆ 35 ಓಮ್ ಇರಬೇಕಿತ್ತು. ವೋಲ್ಟೇಜ್ ಇಳಿದರೆ ವ್ಯಾಟ್ ಇಳಿಯುತ್ತದೆ, ಕಾಯಿಲ್‌ನ ಓಮ್ ಹಾಗೇ ಇರುತ್ತದೆ. ಕರೆಂಟೇ ಇಲ್ಲದೆ, ಕೌಂಟರಿನ ಮೇಲಿಟ್ಟು ಮೀಟರಿನ ಎರಡು ಕಡ್ಡಿ ತಾಗಿಸಿ ತೋರಿಸಿದೆ: 51. ಮಾತಿಲ್ಲದೆ ಬದಲಿ ಕೊಟ್ಟರು.

ಅವರ ಮಾತು ಪೂರಾ ಸುಳ್ಳೂ ಅಲ್ಲ ಅನ್ನಿ. ಬೇಸಿಗೆ ಸಂಜೆ ನಮ್ಮಲ್ಲಿ 195 ವೋಲ್ಟ್ ನೋಡಿದ್ದೇನೆ. ಆ ಹಳೆ ಕಾಯಿಲ್ ಆಗ 3.75 ಆಂಪಿಯರ್ ಎಳೆದು 731 ವ್ಯಾಟಿಗೆ ಕುಸಿಯುತ್ತಿತ್ತು. ವೋಲ್ಟೇಜ್ ಏಳರಲ್ಲಿ ಒಂದು ಪಾಲು ಇಳಿದರೆ ಬಿಸಿ ಕಾಲು ಭಾಗಕ್ಕಿಂತ ಜಾಸ್ತಿ ಇಳಿಯುತ್ತದೆ, ಯಾಕಂದರೆ ಆಂಪಿಯರೂ ಜೊತೆಗೇ ಇಳಿಯುತ್ತದೆ.

ಎಲ್ಲಕ್ಕೂ ಈ ಲೆಕ್ಕ ಕೂಡುವುದಿಲ್ಲ. 100 ವ್ಯಾಟಿನ ಹಳೆ ಬಲ್ಬ್ ಉರಿಯುವಾಗ 529 ಓಮ್ ಬರಬೇಕು, ತಣ್ಣಗಿದ್ದಾಗ ಮೀಟರ್ ತೋರಿಸುವುದು 40ರ ಆಸುಪಾಸು. ತಂತಿ ಕಾದಂತೆ ತಡೆ ಏರುತ್ತದೆ. ಬೋರಿನ ಮೋಟರಿಗೆ ವೋಲ್ಟ್, ಆಂಪಿಯರ್ ಗುಣಿಸಿದ್ದು ನಿಜವಾದ ವ್ಯಾಟ್ ಅಲ್ಲ, ಅದನ್ನು ಪವರ್ ಫ್ಯಾಕ್ಟರಿನಿಂದ, ಅಂದರೆ ಅದರಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲಿನಿಂದ, ಮತ್ತೆ ಗುಣಿಸಬೇಕು. ನಾನು ಗುಣಿಸಿದ್ದನ್ನೇ ನಂಬಿ ಬಿಲ್ ಜಾಸ್ತಿ ಬರುತ್ತದೆ ಅಂತ ಒಂದು ತಿಂಗಳು ಹೆದರಿದ್ದೆ.

ಇನ್ನು ಮೀಟರಿನ ಕೊರತೆಗಳು. ಎರಡನೇ ವರ್ಷ ಕೆಂಪು ಕಡ್ಡಿಯ ವೈರ್ ಕುತ್ತಿಗೆಯಲ್ಲಿ ತುಂಡಾಯಿತು, ಬೇರೆ ಜೋಡಿ ತಂದೆ. ಹೋಲ್ಡ್ ಗುಂಡಿ ಹೆಬ್ಬೆರಳಿನ ಕೆಳಗೇ ಬರುತ್ತದೆ. ಗೊತ್ತಿಲ್ಲದೆ ಒತ್ತಿ ಹಳೆ ಅಂಕಿಯನ್ನೇ ನೋಡುತ್ತ ಕೂತದ್ದು ಎಷ್ಟು ಸಲವೋ. ಡಿಸಿ ಆಂಪಿಯರ್ ಅಳೆಯುವುದಿಲ್ಲ, ಹಾಗಾಗಿ ಸೋಲಾರ್, ಬ್ಯಾಟರಿ ಇದ್ದವರು ಇದನ್ನು ಕೊಳ್ಳಬೇಡಿ. ಸಣ್ಣ ಕರೆಂಟಿಗೂ ಕುರುಡು. ಬಿಡಿಸಿದ ಎಳೆಯನ್ನು ಬಾಯಿಯೊಳಗೆ ಹತ್ತು ಸುತ್ತು ಹಾಯಿಸಿ, ಬಂದದ್ದನ್ನು ಹತ್ತರಿಂದ ಭಾಗಿಸುತ್ತೇನೆ. ಫ್ಯಾನಿಗೆ ಹೀಗೇ 0.33 ಬಂತು.

ಐದಕ್ಕೆ ನಾಲ್ಕು ಕೊಡುತ್ತೇನೆ. ಓಣಿಯವರು ಈಗ ಹೊಸ ಕಾಯಿಲ್ ತಂದರೆ ಮೊದಲು ನಮ್ಮ ಕಟ್ಟೆಗೆ ಬರುತ್ತಾರೆ. ಅವ್ವನೇ ಒಳಗಿನಿಂದ ಇಕ್ಕಳ ತಂದುಕೊಡುತ್ತಾಳೆ.