ಬ್ರಿಜಿಡಾ ಸಿಕ್ಕಳು, ಅದೂ ಪುಕ್ಕಟೆ

ನಮ್ಮತ್ತೆ ಐರ್ಲೆಂಡಿನ ಕೆರಿ ಕಡೆಯವರು. ಅವರ ಮುತ್ತಜ್ಜಿ ಬ್ರಿಜೆಟ್‌ಳನ್ನು ಹಳೆಯ ದಾಖಲೆಗಳಲ್ಲಿ ಹುಡುಕಲು ಮೊದಲು ದುಡ್ಡು ಕೊಟ್ಟು ಒಂದು ಸೈಟಿಗೆ ಸೇರಿದೆ. ಮೂರು ತಿಂಗಳು ಸುಮ್ನೆ ದಂಡ. ಆಮೇಲೆ ಸಿಕ್ಕಿದ್ದು ಐರಿಷ್ ಸರ್ಕಾರದ ಐರಿಷ್‌ಜೀನಿಯಾಲಜಿ ಡಾಟ್ ಐಇ. ಕೆರಿ, ಕಾರ್ಲೋ, ಡಬ್ಲಿನ್ ನಗರದ ಚರ್ಚ್ ದಾಖಲೆಗಳನ್ನು ಹೆಸರು ಹಾಕಿ ಹುಡುಕಬಹುದು. ಒಂದು ಪೈಸೆ ಕೊಡಬೇಕಿಲ್ಲ.

ಬ್ರಿಜೆಟ್ ಅಂತ ಹುಡುಕಿ ಹುಡುಕಿ ಸಾಕಾಗಿತ್ತು. ಪಾದ್ರಿ ಲ್ಯಾಟಿನ್‌ನಲ್ಲಿ 'ಬ್ರಿಜಿಡಾ' ಅಂತ ಬರೆದುಬಿಟ್ಟಿದ್ದರು! 1851ರ ದೀಕ್ಷಾಸ್ನಾನ, ಅಂದರೆ ಮಗುವನ್ನು ಚರ್ಚಿಗೆ ಸೇರಿಸಿಕೊಳ್ಳುವ ವಿಧಿಯ ದಾಖಲೆ. ಅಪ್ಪ, ತವರು ಮನೆತನದ ಹೆಸರಿನ ಸಮೇತ ಅಮ್ಮ, ಮಗುವಿಗೆ ನಿಂತ ಇಬ್ಬರು ಧರ್ಮ ತಂದೆತಾಯಿ, ಎಲ್ಲ ಒಂದೇ ಸಾಲಿನಲ್ಲಿ. ಶಾಯಿ ಅರ್ಧ ಮಾಸಿದೆ, ಓದಲು ಕಣ್ಣು ಕಿರಿದು ಮಾಡಬೇಕು. ಅಲ್ಲಿ ಎಲ್ಲರ ಜನನ ನೋಂದಣಿ ಶುರುವಾಗಿದ್ದೇ 1864ರಲ್ಲಿ, ಅದಕ್ಕೂ ಹಿಂದಿನವರಿಗೆ ಚರ್ಚಿನ ಪುಸ್ತಕವೇ ಗತಿ.

ಸಮಾಧಿ ವಿಷಯದಲ್ಲಿ ಜಾಸ್ತಿ ಆಸೆ ಬೇಡ. ಕ್ಯಾಥೊಲಿಕ್ ಪ್ಯಾರಿಷ್‌ಗಳು (ಊರೂರಿನ ಚರ್ಚ್ ಘಟಕಗಳು) ಮಣ್ಣು ಮಾಡಿದ್ದನ್ನು ಬರೆದಿಟ್ಟಿದ್ದೇ ಕಡಿಮೆ. ಬ್ರಿಜಿಡಾ ಎಲ್ಲಿ ಮಲಗಿದ್ದಾಳೋ, ಕಲ್ಲು ಕಲ್ಲೇ ನೋಡಬೇಕು.

ಅತ್ತೆಗೆ ಪುಟ ತೋರಿಸಿದೆ. ಧರ್ಮತಾಯಿಯ ಮನೆತನದ ಹೆಸರು ನೋಡಿ ನಕ್ಕರು: "ಇವರು ಇವತ್ತಿಗೂ ನಮ್ಮ ಪಕ್ಕದ ಹೊಲದವರು, ಬೇಲಿ ಜಗಳ ಇನ್ನೂ ಮುಗಿದಿಲ್ಲ!"